ಗದಗದಾಗ ಹಳೇ ಗಾಡಿ ಇಟ್ಟವರಿಗೆ: ಮುಳಗುಂದ ನಾಕಾ ಕಡೆ ಒಂದು ಗ್ಯಾರೇಜ್

ಬೋರ್ಡ್ ಇಲ್ಲ, ಹಂಗಾಗಿ ಹೆಸರು ಕೇಳಬ್ಯಾಡ್ರಿ. ಮುಳಗುಂದ ನಾಕಾ ದಾಟಿ ಸ್ವಲ್ಪ ಮುಂದ, ಬೇವಿನ ಗಿಡದ ಕೆಳಗ ಒಂದು ತಗಡಿನ ಶೆಡ್. ಹೊರಗ ಯೆಜ್ಡಿ, ರಾಜದೂತ್, ಬಣ್ಣ ಹೋದ ಹೀರೋ ಹೋಂಡಾ ನಿಂತಿರ್ತಾವ. ಕಾರ್ಬೋರೇಟರ್ (ಗಾಳಿ, ಪೆಟ್ರೋಲ್ ಕೂಡಿಸಿ ಎಂಜಿನ್ನಿಗೆ ಕೊಡೂ ಭಾಗ) ಇದ್ದ ಗಾಡಿ ಅಷ್ಟ ಹಿಡೀತಾರ. 2020ರ ಏಪ್ರಿಲ್ ಆದಮ್ಯಾಲಿನ, ಹೊಸ ಹೊಗಿ ನಿಯಮದ ಬಿಎಸ್-6 ಗಾಡಿ ಒಯ್ದ್ರ, "ಅದಕ್ಕ ಮಷಿನ್ ಹಚ್ಚಿ ನೋಡಬೇಕಾಗ್ತೈತಿ, ಶೋರೂಮಿಗೆ ಹೋಗ್ರಿ" ಅಂತ ಕಳಿಸಿಬಿಡ್ತಾರ.

ನಂದು ಯಮಹಾ ಆರ್‌ಎಕ್ಸ್ 100, 1994ರದ್ದು, ಸೋದರಮಾವನ ಕೈಯಿಂದ ಬಂದದ್ದು. ಈ ಮಾಡೆಲ್ 1996ಕ್ಕ ನಿಂತತು, ಅದಕ್ಕ ಒರಿಜಿನಲ್ ಸಾಮಾನು ಎಲ್ಲೆ ಸಿಕ್ರೂ ಮಂದಿ ಬಿಡಂಗಿಲ್ಲ. ತಕರಾರು ಏನಿತ್ತಂದ್ರ, ಬೆಟಗೇರಿಯಿಂದ ಲಕ್ಕುಂಡಿ ಹೊಲಕ್ಕ ಹೊಂಟ್ರ ಊರು ದಾಟೂತನಕ ಸುದ್ದ ಓಡ್ತಿತ್ತು. ಆಮ್ಯಾಲೆ ಎಕ್ಸಿಲೇಟರ್ ಎಳದ್ರ ಉಬ್ಬಸ ಬಂದವರಗತೆ ಮುಕ್ಕರೀತಿತ್ತು. ಕಾದಮ್ಯಾಲೆ ಎಕ್ಸಿಲೇಟರ್ ಬಿಟ್ರೂ ಎಂಜಿನ್ ಇಳೀತಿರಲಿಲ್ಲ, ಒದರಕೋತ ನಿಂದರ್ತಿತ್ತು. ರಾತ್ರಿ ನಿಲ್ಲಿಸಿದ್ರ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸೋರಿ ಪಡಸಾಲಿತನಕ ವಾಸನಿ.

ಮೊದಲ ತೋರಿಸಿದ ಇನ್ನೊಂದು ಗ್ಯಾರೇಜಿನವರು ಗಾಡಿ ಚಾಲೂ ಮಾಡಿ ನೋಡಲೂ ಇಲ್ಲ. "ಕಾರ್ಬೋರೇಟರ್ ಹೋಗೇತಿ" ಅಂದು ಒರಿಜಿನಲ್ ಮಿಕುನಿ ಕಂಪನಿದು ತಗದು ಡೂಪ್ಲಿಕೇಟ್ ಕೂಡಿಸಿದ್ರು. ಸೋರೂದು ನಿಂತತು. ಉಳಿದ ಎರಡೂ ಹಂಗ ಉಳದವು, ಮ್ಯಾಲೆ ಚೋಕ್ ಎಳೀಲಾರದ ಚಾಲೂ ಆಗದ ಹೊಸ ರೋಗ ಬ್ಯಾರೆ. ಹಳೇದನ್ನ ಕೇಳಿ ಡಬ್ಬ್ಯಾಗ ಹಾಕಿಸಿಕೊಂಡು ಬಂದೆ.

ಇಲ್ಲಿ ಮಿಸ್ತ್ರಿ ಕಾಕಾ ಪಾನಾ ಮುಟ್ಟೂ ಮೊದಲ ಮಾತಾಡಸ್ತಾರ. "ಆರಿದ್ದಾಗ ಹೆಚ್ಚೋ ಕಾದಾಗ ಹೆಚ್ಚೋ? ರಿಸರ್ವಿಗೆ ಹಾಕಿದ್ರ ಹೆಂಗ? ಎಷ್ಟು ದಿನ ನಿಲ್ಲಿಸಿದ್ದಿ?" ಅಂತ ಕೇಳಿ, ಪ್ಲಗ್ ಬಿಚ್ಚಿ ನನ್ನ ಕೈಯಾಗ ಕೊಟ್ರು. ಕಂದು ಬಣ್ಣ ಇರಬೇಕಾದ ತುದಿ ಬೆಳ್ಳಗ ಆಗಿತ್ತು. "ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಹಿಂಗ ಓಡಿಸಿದ್ರ ಪಿಸ್ಟನ್ ಕಾದು ಹಿಡೀತೈತಿ ತಮ್ಮಾ. ಪೆಟ್ರೋಲ್ ಎಲ್ಲಿ ನಿಂತೈತಿ, ಗಾಳಿ ಎಲ್ಲಿ ನುಗ್ಗೈತಿ, ಎರಡೂ ಹುಡುಕೂಣು."

ಪೆಟ್ರೋಲ್ ಪೈಪ್ ಕಿತ್ತು ಬಾಟಲಿಗೆ ಬಿಟ್ರು. ದಾರದಷ್ಟು ಸಣ್ಣಗ ಇಳೀತು. ಟ್ಯಾಂಕಿನ ಮುಚ್ಚಳ ತಗದು ನೋಡಿದ್ರು, ಆಗೂ ಅಷ್ಟ ಸಣ್ಣಗ. ಅಂದ್ರ ಮುಚ್ಚಳದ ಗಾಳಿತೂತು ಕಟ್ಟಿಲ್ಲ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಿಚ್ಚಿದಾಗ ಜಾಳಗಿ ತುಂಬ ತುಕ್ಕಿನ ರಾಡಿ. ಗಾಳಿ ಹುಡುಕಾಕ ಗಾಡಿ ಚಾಲೂ ಇಟ್ಟು, ಕಾರ್ಬೋರೇಟರ್ ಮತ್ತ ಎಂಜಿನ್ ನಡುವಿನ ರಬ್ಬರ್ ಮ್ಯಾಲೆ ಬಿಸಿ ಸೈಲೆನ್ಸರಿಗೆ ತಾಗದಂಗ ಒಂಚೂರು ಸ್ಪ್ರೇ ಹೊಡದ್ರು. ಎಂಜಿನ್ ದನಿ ಒಮ್ಮೆಲೆ ಬದಲಾತು. ರಬ್ಬರ್ ಬಿಚ್ಚಿ ಮಣಿಸಿದಾಗ ಕೆಳಗಿನ ಮಗ್ಗಲಿಗೆ ಉದ್ದಕ ಸೀಳು. ಕಾರ್ಬೋರೇಟರ್ ಹತ್ತು ಬದಲಿಸಿದ್ರೂ ಈ ಸೀಳು ಇರೂತನಕ ಎಂಜಿನ್ ಒದರೂದು ನಿಲ್ಲತಿರಲಿಲ್ಲ.

ಆಮ್ಯಾಲೆ ಡಬ್ಬ್ಯಾಗಿನ ಮಿಕುನಿ ಹೊರಗ ಬಂತು. ಅದರಾಗ ಪೆಟ್ರೋಲ್ ನಿಲ್ಲೂ ಬೌಲಿನ ತಳಕ್ಕ ಬಿಳಿ ಪುಡಿ, ಅಂಚಿಗೆ ಹಸರು. 2023ರಿಂದ ಬಂಕಿಗೆ ಬರಾಕ ಹತ್ತಿದ ಶೇಕಡಾ 20 ಎಥನಾಲ್ ಕೂಡಿಸಿದ ಪೆಟ್ರೋಲ್ ಬಗ್ಗೆ ಕಾಕಾ ಅವಾಗ ಸ್ವಲ್ಪ ಬಾಯಿ ಬಿಟ್ರು. ಎಥನಾಲ್ ನೀರು ಎಳಕೋತೈತಿ, ಮಳಿಗಾಲದಾಗ ಗಾಡಿ ಬಹಳ ದಿನ ನಿಂತ್ರ ಆ ನೀರು ತಳಕ್ಕ ಕುಂತು ಲೋಹ ತಿಂತೈತಿ, ಹಳೇ ರಬ್ಬರ್ ಉಬ್ಬಿಸ್ತೈತಿ. (ಎಥನಾಲ್ ಕಬ್ಬಿನಿಂದ ಮಾಡ್ತಾರ; ಬೆಳಗಾವಿ, ಬಾಗಲಕೋಟಿ ಕಬ್ಬಿಗೆ ರೇಟ್ ಬರ್ಲಿ, ಬ್ಯಾಡ ಅನ್ನೂದಿಲ್ಲ. ನಮ್ಮ ಗಾಡಿ ಪಾಡು ಹಿಂಗ.) ನಿಲ್ಲಿಸೂದಿದ್ರ ಕಾಕ್ ಬಂದ್ ಮಾಡಿ ಬೌಲ್ ಖಾಲಿ ಆಗೂತನಕ ಎಂಜಿನ್ ಓಡಸ್ರಿ ಅಂದ್ರು.

ಪೈಲಟ್ ಜೆಟ್ (ಪೆಟ್ರೋಲ್ ಅಳದು ಬಿಡೂ ಸಣ್ಣ ತೂತಿನ ಹಿತ್ತಾಳಿ ತುಂಡು) ಬೆಳಕಿಗೆ ಹಿಡದು ನೋಡಿದ್ರ ತೂತ ಕಾಣಲಿಲ್ಲ. ನೆನೆ ಇಟ್ಟು ಕಂಪ್ರೆಸರ್ ಗಾಳಿ ಹೊಡದ್ರು, ತಂತಿ ಹಾಕಲಿಲ್ಲ. ಹಿತ್ತಾಳಿ ಮೆತ್ತಗಿರ್ತೈತಿ, ತಂತಿ ತೂರಿಸಿದ್ರ ತೂತ ಹಿಗ್ಗಿ ಜೆಟ್ ನಂಬರಿಗೆ ಅರ್ಥ ಇರಂಗಿಲ್ಲ. ಸೋರಿಕಿಗೆ ಕಾರಣ ಫ್ಲೋಟ್ ಪಿನ್ನು. ಬೌಲ್ ತುಂಬಿದಾಗ ತೇಲೂ ಫ್ಲೋಟ್ ಎದ್ದು ಈ ಪಿನ್ನಿನಿಂದ ಪೆಟ್ರೋಲ್ ಬಂದ್ ಮಾಡ್ತೈತಿ, ತುದಿಗೆ ಬಳಿಯಂಗ ಗೆರಿ ಬಿದ್ದಿತ್ತು. ಫ್ಲೋಟ್ ಕಿವಿ ಹತ್ರ ಅಲ್ಲಾಡಿಸಿ ಒಳಗ ಪೆಟ್ರೋಲ್ ಹೊಕ್ಕಿಲ್ಲ ಅಂತ ಖಾತ್ರಿ ಮಾಡಿಕೊಂಡು ಪಿನ್ ಅಷ್ಟ ಬದಲಿಸಿದ್ರು. ಗಾಳಿ ಹೆಚ್ಚು-ಕಡಿಮಿ ಮಾಡೂ ಏರ್ ಸ್ಕ್ರೂ ಹಗೂರಕ ಪೂರ್ತಿ ತಿರುವಿ, ಒಂದೂವರಿ ಸುತ್ತು ಬಿಚ್ಚಿ, ಕಾದ ಎಂಜಿನ್ ಮ್ಯಾಲೆ ಕಿವಿಗೊಟ್ಟು ಕೂಡಿಸಿದ್ರು. ಈಗ ಲಕ್ಕುಂಡಿತನಕ ಒಂದ ದಮ್ಮಿನ್ಯಾಗ ಎಳೀತೈತಿ.

ಮಜೂರಿ 600 ರೂಪಾಯಿ, ರಬ್ಬರ್ ಮತ್ತ ಪಿನ್ನಿಂದು ಬ್ಯಾರೆ. ತಗದ ಸಾಮಾನು ಕಾಗದದಾಗ ಸುತ್ತಿ ವಾಪಸ್ ಕೊಡ್ತಾರ, ಇದು ನನಗ ಭಾಳ ಸೇರಿತು.

ಕೊರತಿ ಇಲ್ಲಂತಲ್ಲ. ಬಿಲ್ ಕೊಡಂಗಿಲ್ಲ. ಫೋನ್ ಎತ್ತಂಗಿಲ್ಲ. "ಸಂಜಿಗೆ ಬಾ" ಅಂದ್ರ ಯಾವ ಸಂಜಿ ಅಂತ ಕೇಳಿಕೊಳ್ರಿ. ಕಾರ್ಬೋರೇಟರ್ ಬಿಚ್ಚೂ ಜಾಗ ರಸ್ತೆಕ್ಕ ಹತ್ತಿ ಐತಿ, ಟ್ರ್ಯಾಕ್ಟರ್ ಹೋದ್ರ ಎರಿ ಧೂಳು ಸೀದಾ ಜೆಟ್ ಇಟ್ಟ ಪೇಪರ್ ಮ್ಯಾಲೆ. ಮ್ಯಾಲೊಂದು ಅರಬಿ ಮುಚ್ತಾರ ಖರೆ, ಆದ್ರ ಇಂಥಾ ಕೆಲಸಕ್ಕ ಒಳಗ ಒಂದು ಟೇಬಲ್ ಬೇಕು. ಟ್ಯಾಂಕಿನ ತುಕ್ಕು ಅವರು ತೊಳೆಯಂಗಿಲ್ಲ, ನಾನು ರೇಡಿಯೇಟರ್ ಕೆಲಸದವರ ಹತ್ರ ಒಯ್ಯಬೇಕಾತು. ಸೌಂಡ್ ಬರ್ಲಿ ಅಂತ ಏರ್ ಫಿಲ್ಟರ್ ಬಾಕ್ಸ್ ಕಿತ್ತು ಹಾಕಿದ ಹುಡುಗರಿಗಂತೂ ಮಂಗಳಾರತಿ. ಬಾಕ್ಸ್ ಹಾಕಿಕೊಂಡು ಬಂದ್ರ ಅಷ್ಟ ಟ್ಯೂನಿಂಗ್.

ಹೋಗೂದಿದ್ರ ಮುಂಜಾನೆ ಹೋಗ್ರಿ, ಗಾಡಿ ಆರಿದ್ದಾಗ ಒಮ್ಮೆ, ಕಾಯಿಸಿ ಒಮ್ಮೆ ನೋಡ್ತಾರ. ಹಿಂದ ಯಾರರ ತಗದಿಟ್ಟ ಒರಿಜಿನಲ್ ಸಾಮಾನಿದ್ರ ಜೋಡಿ ಒಯ್ರಿ. ಆನ್‌ಲೈನ್‌ದಾಗ ಸಿಗೂ ಅಗ್ಗದ ರಿಪೇರಿ ಕಿಟ್ ಒಯ್ಯಬ್ಯಾಡ್ರಿ, ಮುಟ್ಟಂಗಿಲ್ಲ.