ಸೌರ ವಾಟರ್ ಹೀಟರ್, ಸೌರ ಫಲಕ, ಹೀಟ್ ಪಂಪ್: ಯಾರಿಗೆ ಯಾವುದು?

ಛಾವಣಿಯಲ್ಲಿ ಜಾಗ ಕಡಿಮೆ, ಬಿಸಿನೀರೂ ಬೇಕು, ವಿದ್ಯುತ್ತೂ ಬೇಕು ಎನ್ನುವವರು ಮೊದಲು ಜಾಗದ ಲೆಕ್ಕ ಹಾಕಬೇಕು. ವಾಟರ್ ಹೀಟರ್ ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಅರ್ಧದಷ್ಟನ್ನು ಶಾಖವಾಗಿಸುತ್ತದೆ. ವಿದ್ಯುತ್ ಫಲಕ ಶೇ. 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಫಲಕದ ವಿದ್ಯುತ್ತಿನಿಂದ ಹೀಟ್ ಪಂಪ್ (ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೋ ಕೋಣೆಗೋ ಕೊಡುವ ಯಂತ್ರ) ನಡೆಸಿದರೆ ಒಂದು ಯೂನಿಟ್‌ಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ, ಅಂತರ ಬಹುಮಟ್ಟಿಗೆ ಅಳಿಯುತ್ತದೆ. ಆರಂಭದ ಖರ್ಚು ಮಾತ್ರ ಇದಕ್ಕೇ ಹೆಚ್ಚು. ವಾಟರ್ ಹೀಟರಿಗೆ ಎಲ್ಲಕ್ಕಿಂತ ಕಡಿಮೆ.

ಬಾಳಿಕೆಯಲ್ಲಿ ಫಲಕಗಳದೇ ಮೇಲುಗೈ, 25 ವರ್ಷ ನಿಶ್ಚಿಂತೆ. ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರನ್ನು ನಡುವೆ ಒಮ್ಮೆ ಬದಲಿಸಬೇಕಾದೀತು. ವಾಟರ್ ಹೀಟರಿಗೆ ಶತ್ರುವೆಂದರೆ ಗಡಸು ನೀರು: ಗಾಜಿನ ಕೊಳವೆಯ ಒಳಗೆ ಬಿಳಿ ಸುಣ್ಣ ಪದರ ಪದರವಾಗಿ ಕಟ್ಟಿಕೊಂಡು, ಕಡುಬಿಸಿಲಿನಲ್ಲೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತದೆ. ನೀರನ್ನು ಪರೀಕ್ಷಿಸದೆ ದಯವಿಟ್ಟು ಕೊಳ್ಳಬೇಡಿ.

ಗ್ರಿಡ್‌ಗೆ (ಅಂದರೆ ಊರಿನ ವಿದ್ಯುತ್ ಜಾಲಕ್ಕೆ) ಜೋಡಿಸಿದ, ಬ್ಯಾಟರಿಯಿಲ್ಲದ ಫಲಕಗಳು ಕರೆಂಟು ಹೋದಾಗ ತಾವೂ ನಿಲ್ಲುತ್ತವೆ, ನಡುಮಧ್ಯಾಹ್ನವಾದರೂ. ತಂತಿ ದುರಸ್ತಿ ಮಾಡುವವರ ಜೀವರಕ್ಷಣೆಗೆ ಇದು ಬೇಕೇ ಬೇಕು.

ಮನೆ ತುಂಬ ಜನ, ಮೃದು ನೀರು, ಸ್ನಾನದ್ದೇ ಚಿಂತೆ ಎಂದರೆ ವಾಟರ್ ಹೀಟರ್ ಸಾಕು. ಹಗಲಿನ ವಿದ್ಯುತ್ ಬಳಕೆ ಹೆಚ್ಚಿದ್ದರೆ ಫಲಕ. ಚಳಿಗಾಲದಲ್ಲಿ ಕೋಣೆಗಳನ್ನೂ ಬೆಚ್ಚಗಿಡಬೇಕಾದವರಿಗೆ ಫಲಕದ ಜೊತೆ ಹೀಟ್ ಪಂಪ್. ಅದಕ್ಕೂ ಮೊದಲು ಕಿಟಕಿ ಬಾಗಿಲುಗಳ ಸಂದಿ ಮುಚ್ಚಿಸಿ.