ಅಂಗಾಲಿನ ನರಹುಲಿಗೆ ಲೇಸರ್: ಯಾವ ಯಂತ್ರ ಅಂತ ಮೊದಲು ಕೇಳಿ

ಚರ್ಮದ ಕ್ಲಿನಿಕ್ಕಿನ ಬೋರ್ಡಿನ ಮೇಲೆ ‘ಲೇಸರ್’ ಅನ್ನೋದು ಒಂದೇ ಪದ, ಒಳಗಿನ ಯಂತ್ರಗಳು ಮಾತ್ರ ಬೇರೆ ಬೇರೆ. 10,600 ನ್ಯಾನೊಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದ) ಕಾರ್ಬನ್ ಡೈಆಕ್ಸೈಡ್ ಲೇಸರ್ ಗಂಟನ್ನು ಪದರ ಪದರವಾಗಿ ಸುಟ್ಟು ತೆಗೆಯುತ್ತದೆ. ಗಾಯ ಮಾಯುವುದು ನಿಧಾನ. ಅಂಗಾಲಲ್ಲಿ ಕಲೆ ಗಟ್ಟಿಯಾಗಿ ಉಳಿದರೆ ನಡೆಯುವಾಗಲೆಲ್ಲ ಚುಚ್ಚುತ್ತದೆ. ಈ ಲೇಸರ್ ಸುಡುವಾಗಿನ ಹೊಗೆಯಲ್ಲಿ ನರಹುಲಿ ತರುವ ವೈರಸ್ಸಿನ ಡಿಎನ್‌ಎ ಸಿಕ್ಕಿದೆ, ಹಾಗಾಗಿ ಹೊಗೆ ಎಳೆಯುವ ಪೈಪಿಲ್ಲದ ಕಡೆ ಮಾಡಿಸಿಕೊಳ್ಳಲೇಬೇಡಿ. 595 ನ್ಯಾನೊಮೀಟರಿನ ಪಲ್ಸ್ಡ್ ಡೈ ಲೇಸರ್ ರಕ್ತನಾಳವನ್ನೇ ಗುರಿಯಿಡುತ್ತದೆ, ಆದರೆ ಕೈ ಮೇಲಿನ ನರಹುಲಿಗೆ ಹೊಡೆದಾಗ ನಮ್ಮ ಮೈಬಣ್ಣದ ಮೆಲನಿನ್ನೂ ಆ ಬೆಳಕನ್ನು ಹೀರಿ ಕಪ್ಪು ಕಲೆ ಬೀಳಬಹುದು. ದಪ್ಪ ಅಂಗಾಲಿಗೆ ನಮ್ಮ ಓಟು 1064 ನ್ಯಾನೊಮೀಟರಿನ ಲಾಂಗ್ ಪಲ್ಸ್ ಎನ್‌ಡಿ ಯಾಗ್ ಲೇಸರ್‌ಗೆ. ಇದು ಆಳಕ್ಕಿಳಿದು, ಗಂಟಿಗೆ ರಕ್ತ ಕೊಡುವ ನಾಳಗಳನ್ನು ಬೇಯಿಸಿಬಿಡುತ್ತದೆ.

ಅರ್ಧ ಕೆಲಸ ಬ್ಲೇಡಿನದು. ಗಟ್ಟಿ ಚರ್ಮವನ್ನು ತೆಳುವಾಗಿ ಕೆರೆಯುತ್ತ ಹೋದರೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ: ಹೆಪ್ಪುಗಟ್ಟಿದ ರಕ್ತನಾಳದ ತುದಿಗಳು. ಚುಕ್ಕೆಯಿಲ್ಲದೆ ಚರ್ಮದ ಗೆರೆಗಳು ಮುರಿಯದೆ ಹಾದುಹೋಗಿದ್ದರೆ ಅದು ಆಣಿ, ಲೇಸರ್ ಬೇಡ. ರಕ್ತ ಜಿನುಗುವ ಮುಂಚೆಯೇ ಕೆರೆಯುವುದು ನಿಲ್ಲಬೇಕು. ಮೇಲೆ ರಕ್ತವಿದ್ದರೆ ಬೆಳಕನ್ನು ಅದೇ ನುಂಗಿ ಆಳಕ್ಕೆ ಏನೂ ತಲುಪುವುದಿಲ್ಲ. ಕೆರೆಯದೇ ಹೊಡೆದರೂ ಅದೇ ಕಥೆ.

ಈ 1064ರ ಯಂತ್ರದಲ್ಲಿ ಸಾಮಾನ್ಯವಾಗಿ 5 ಮಿಲಿಮೀಟರ್ ಸ್ಪಾಟ್ (ಬೆಳಕು ಬೀಳುವ ಅಗಲ), 20 ಮಿಲಿಸೆಕೆಂಡ್ ಪಲ್ಸ್ (ಒಂದು ಹೊಡೆತದ ಅವಧಿ), ಚದರ ಸೆಂಟಿಮೀಟರಿಗೆ 200 ಜೂಲ್ ಆಸುಪಾಸು. ಅಂಚಿನಾಚೆ ಒಂದು ಮಿಲಿಮೀಟರ್ ಸೇರಿಸಿ ಹೊಡೆಯಬೇಕು. ಗಂಟು ಬೂದು-ನೇರಳೆಗೆ ತಿರುಗಿದರೆ ಸರಿ. ನೋವು ಚೆನ್ನಾಗೇ ಇರುತ್ತದೆ. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಕೇಳಿಕೊಳ್ಳಿ, ಮರಗಟ್ಟಿಸುವ ಮುಲಾಮು ಅಂಗಾಲಿಗೆ ಇಳಿಯುವುದಿಲ್ಲ. ಎಲ್ಲರ ಕಣ್ಣಿಗೂ 1064ಕ್ಕೆಂದೇ ಇರುವ ಕನ್ನಡಕ ಬೇಕು. ರಕ್ತದ ಗುಳ್ಳೆ ಎದ್ದರೆ ಒಡೆಯಬೇಡಿ, ಎರಡು ವಾರದಲ್ಲಿ ಒಣಗಿ ಕಳಚುತ್ತದೆ. ಮುಂದಿನ ಸಿಟ್ಟಿಂಗ್ 4 ವಾರಕ್ಕೆ. ‘ಒಂದೇ ಸಲಕ್ಕೆ ಮಾಯ’ ಅನ್ನುವವರಿಂದ ದೂರವಿರಿ: ಪಕ್ಕದ ಚರ್ಮದಲ್ಲಿ ಉಳಿದ ವೈರಸ್ ಮತ್ತೆ ಚಿಗುರುತ್ತದೆ.

ಉಗುರಿನ ಬುಡದಲ್ಲಿದ್ದರೆ ಪವರ್ ಇಳಿಸಲೇಬೇಕು, ಇಲ್ಲದಿದ್ದರೆ ಉಗುರು ಸೊಟ್ಟ ಬೆಳೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಇದು ಬೇಡ. ಮಕ್ಕಳ ನರಹುಲಿ ಎಷ್ಟೋ ಸಲ ಎರಡು ವರ್ಷದೊಳಗೆ ತಾನೇ ಉದುರುತ್ತದೆ. ದೊಡ್ಡವರೂ ಮೊದಲು ಮೂರು ತಿಂಗಳು ಸ್ಯಾಲಿಸಿಲಿಕ್ ಆಸಿಡ್ ಹಚ್ಚಿ ನೋಡಲಿ. ಅದಕ್ಕೂ, ಗಂಟನ್ನು ಕೊರೆಯುವ ಚಳಿಯಲ್ಲಿ ಸಾಯಿಸುವ ಲಿಕ್ವಿಡ್ ನೈಟ್ರೋಜನ್ನಿಗೂ ಜಗ್ಗದ ಗಂಟಿಗಷ್ಟೇ ಈ ಖರ್ಚು.