ಘಟ್ಟದ ಮಳೆಗೆ ಯಾವ ಸೆಟ್: ಸಿಬಿಯೋ, ಹತ್ತು ಮೀಟರೋ?

ದೂರದವರೊಡನೆ ಮಾತಾಡಲು ಗಾಡಿಗೆ ಕಟ್ಟುವ ಮೂರು ಬಗೆಯ ರೇಡಿಯೋ ಸೆಟ್‌ಗಳನ್ನು ತೀರ್ಥಹಳ್ಳಿ–ಆಗುಂಬೆ ದಾರಿಯಲ್ಲೂ ಹುಲಿಕಲ್ ಘಾಟಿಯಲ್ಲೂ ಇಟ್ಟು ನೋಡಿದ ಹೋಲಿಕೆ ಇದು. ಒಂದು, ಕೋಬ್ರಾ 29ರಂಥ ನಾಬ್ ತಿರುಗಿಸುವ ಎಎಂ (ಮಾತನ್ನು ಅಲೆಯ ಬಲದ ಏರಿಳಿತವಾಗಿ ಕಳಿಸುವ ಬಗೆ) ಸಿಬಿ, ಅಂದರೆ ಸಿಟಿಜನ್ ಬ್ಯಾಂಡ್, 27 ಮೆಗಾಹರ್ಟ್ಸ್ ಸುತ್ತಲಿನ ಸಾರ್ವಜನಿಕರ ಪಟ್ಟಿ. ಇನ್ನೊಂದು, ಯುನಿಡೆನ್ ಬೇರ್‌ಕ್ಯಾಟ್ 980ರ ಹಾಗೆ ಎಸ್‌ಎಸ್‌ಬಿಯೂ (ಅಲೆಯ ಒಂದು ಪಕ್ಕವನ್ನಷ್ಟೇ ಕಳಿಸುವ ಬಗೆ) ಇರುವ ಸಿಬಿ. ಮೂರನೆಯದು ಪ್ರೆಸಿಡೆಂಟ್ ಲಿಂಕನ್, ಎನಿಟೋನ್ 5555 ಸಾಲಿನ ಹತ್ತು ಮೀಟರ್ ಸೆಟ್, ಅಂದರೆ ಹತ್ತು ಮೀಟರ್ ಅಲೆಯುದ್ದದ ಹ್ಯಾಮ್ (ಹವ್ಯಾಸಿ ರೇಡಿಯೋ) ಪಟ್ಟಿಯದು. ಮಲೆನಾಡಿನಲ್ಲಿ ನಂಬಬಹುದಾದ ಸೆಟ್ ಅಂದರೆ ಜೂನ್‌ನಲ್ಲಿ ಮಾತಾಡಿದ್ದು ಸೆಪ್ಟೆಂಬರ್‌ನಲ್ಲೂ ಮಾತಾಡಬೇಕು, ಅಷ್ಟೇ.

ಅರ್ಧ ಆಯ್ಕೆಯನ್ನು ಕಾನೂನೇ ಮಾಡಿಬಿಡುತ್ತದೆ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವಾಟ್ ಒಳಗೆ, ಲೈಸೆನ್ಸ್ ಬೇಡ. ಅಮೆರಿಕಕ್ಕೆಂದು ಮಾಡಿದ ಸೆಟ್‌ನ 40 ಚಾನೆಲ್ 27.405ರವರೆಗೆ ಹೋಗುತ್ತವೆ. ಅದರಲ್ಲಿ 27ನೇ ಚಾನೆಲ್ 27.275, 28ನೆಯದು 27.285. ಹಾಗಾಗಿ 28ರಿಂದ ಮೇಲಿನವು ನಮಗಲ್ಲ. ಎಎಂನಲ್ಲಿ 4 ವಾಟ್ ಕೊಡುವ ಸೆಟ್ ಎಸ್‌ಎಸ್‌ಬಿಗೆ ಹೋದರೆ 12 ವಾಟ್ ಪೀಕ್ ಕೊಡುತ್ತದೆ, ಅದೂ ಮಿತಿ ಮೀರಿದ್ದೇ. ವಿನಾಯಿತಿಯ ಷರತ್ತುಗಳಲ್ಲಿ ಅಂಟೆನಾ ವಿಚಾರ ಓದಿಕೊಳ್ಳದೆ ಗಾಡಿಗೆ ಏನನ್ನೂ ಕಟ್ಟಬೇಡಿ. ಹತ್ತು ಮೀಟರ್, ಅಂದರೆ 28ರಿಂದ 29.7, ಹ್ಯಾಮ್ ಲೈಸೆನ್ಸ್ ಇದ್ದವರಿಗೆ ಮಾತ್ರ, ಎರಡೂ ತುದಿಯಲ್ಲಿ. ತೋಟದ ರೈಟರ್ ಕೈಗೆ ಮೈಕು ಕೊಟ್ಟು ಅಡಿಕೆ ಲೋಡ್ ಹೊರಟಿತಾ ಎಂದು ಅದರಲ್ಲಿ ಕೇಳುವಂತಿಲ್ಲ. ಒಳಗಿನ ಜಂಪರ್ (ತಂತಿಯ ಕೊಂಡಿ) ಕತ್ತರಿಸಿ ಅದನ್ನೇ 27ಕ್ಕೆ ಇಳಿಸಿ ಮಾರುವವರಿದ್ದಾರೆ. ಅಂಥದ್ದನ್ನು ಮುಟ್ಟಬೇಡಿ.

ಇನ್ನು ದೂರದ ಮಾತು. 4 ವಾಟ್ ಬದಲು 40 ವಾಟ್ ಹಾಕಿದರೆ ಹೆಚ್ಚುವುದು 10 ಡೆಸಿಬೆಲ್, ಎಸ್ ಮೀಟರಿನಲ್ಲಿ (ಬರುವ ಸಿಗ್ನಲ್‌ನ ಬಲ ತೋರಿಸುವ ಮೀಟರ್) ಎರಡು ಮನೆಯೂ ಏರುವುದಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಮೇಲಿನ ಗಾಡಿಗೂ ಕೆಳಗಿನ ಗಾಡಿಗೂ ಮೂರೂ ಸೆಟ್ ಒಂದೇ. ಗುಡ್ಡ ಅಡ್ಡ ಬಂದಾಗ ವ್ಯತ್ಯಾಸ ಕಾಣುತ್ತದೆ: ಎಎಂ ಗೊರಗೊರ ಸದ್ದಿನಲ್ಲಿ ಮುಳುಗಿದ ಮೇಲೂ ಎಸ್‌ಎಸ್‌ಬಿಯಲ್ಲಿ ಮಾತು ತಿಳಿಯುತ್ತದೆ, ಎಫ್‌ಎಂ ಇದ್ದಷ್ಟು ಹೊತ್ತು ಸ್ವಚ್ಛವಾಗಿದ್ದು ಥಟ್ಟನೆ ಕಡಿದುಹೋಗುತ್ತದೆ. ಆದರೆ ಎಸ್‌ಎಸ್‌ಬಿಗೆ ಕ್ಲಾರಿಫೈಯರ್ (ಮಾತು ತಿಳಿಯುವಂತೆ ಆವರ್ತನವನ್ನು ಚೂರು ಸರಿಸುವ ನಾಬ್) ತಿದ್ದುತ್ತಿರಬೇಕು, ತಿರುವಿನಲ್ಲಿ ಒಂದು ಕೈ ಬಿಡುವುದು ಒಳ್ಳೆಯದಲ್ಲ. ಹತ್ತು ಮೀಟರಿನಲ್ಲಿ ಸೂರ್ಯ ಚುರುಕಾಗಿದ್ದ ದಿನ ಯುರೋಪಿನವರು ಸ್ಪಷ್ಟವಾಗಿ ಸಿಗುತ್ತಾರೆ, ಪಕ್ಕದ ಹೊಸನಗರ ಸಿಗುವುದಿಲ್ಲ. ಇದು ಸೆಟ್‌ನ ದೋಷವಲ್ಲ, ಅಲೆ ಆಕಾಶಕ್ಕೆ ಹಾರಿ ನಮ್ಮ ತಲೆ ಮೇಲಿಂದ ದಾಟಿರುತ್ತದೆ.

ಮಳೆಗಾಲದ ಪರೀಕ್ಷೆಯಲ್ಲಿ ಹಳೆ ನಮೂನೆಯ ನಾಬ್ ಸೆಟ್ ಮೊದಲು ತಕರಾರು ತೆಗೆಯುತ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ, ಚಾನೆಲ್ ಸ್ವಿಚ್ ಹಾರುತ್ತದೆ, ಮೈಕಿನ ಪಿನ್‌ಗಳಿಗೆ ಹಸಿರು ಕಿಲುಬು. ಆದರೂ ನಮ್ಮ ಮತ ಅದಕ್ಕೇ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ನಾಬನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಮತ್ತೆ ಸರಿ. ಬಿಡಿಭಾಗಗಳ ಕಾಲು ಬೋರ್ಡ್ ತೂತಿನೊಳಗೆ ಇಳಿದಿರುವುದರಿಂದ ಶಿವಮೊಗ್ಗದ ಯಾವುದೇ ಟಿವಿ ಮೆಕ್ಯಾನಿಕ್ ಬೆಸುಗೆ ಹಾಕಿಕೊಡುತ್ತಾನೆ. ಹತ್ತು ಮೀಟರ್ ಸೆಟ್‌ನ ಸಾಸಿವೆಯಷ್ಟು ಭಾಗಗಳ ಮೇಲೆ ಬೂಷ್ಟು ಕೂತರೆ ಆ ಕೆಲಸಕ್ಕೆ ಬಿಸಿಗಾಳಿ ಸ್ಟೇಷನ್ ಬೇಕು, ಕೈ ಪಳಗಿದವನೂ ಬೇಕು. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಸೆಟ್ ಬಿಚ್ಚಿ, ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿಡಿ. ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಸೆಟ್‌ಗಿಂತ ಹೆಚ್ಚು ಕೈಕೊಡುವುದು ಅಂಟೆನಾ. 27 ಮೆಗಾಹರ್ಟ್ಸ್‌ಗೆ ಪೂರಾ ಕಾಲುಅಲೆ (ಅಲೆಯುದ್ದದ ಕಾಲು ಭಾಗದ) ಕಡ್ಡಿ ಸುಮಾರು 2.6 ಮೀಟರ್, 28.4ಕ್ಕೆ 2.5. ಬಿದಿರು ಬಾಗಿದ ದಾರಿಯಲ್ಲಿ ಅದು ಉಳಿಯದು. ಬುಡದಲ್ಲಿ ಸ್ಪ್ರಿಂಗ್ ಇರುವ 1.2 ಮೀಟರಿನ ಫೈಬರ್ ಕಡ್ಡಿ ಸಾಕು, ಅದೂ ಛಾವಣಿ ನಡುವೆ. ಹಿಂದಿನ ಬಂಪರಿಗೆ ಕಟ್ಟಿದರೆ ಗಾಡಿಯ ಮೈಯೇ ಒಂದು ಕಡೆ ಅಡ್ಡ. ಕಡಿಮೆ ಪವರ್‌ನಲ್ಲಿ 1, 14, 27ನೇ ಚಾನೆಲ್‌ಗಳಲ್ಲಿ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಅಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಳತೆ) ನೋಡಿ. 27ರಲ್ಲಿ ಜಾಸ್ತಿ ಇದ್ದರೆ ಕಡ್ಡಿ ಉದ್ದ, 1ರಲ್ಲಿ ಜಾಸ್ತಿ ಇದ್ದರೆ ಗಿಡ್ಡ. ಕತ್ತರಿಸುವಾಗ ಒಂದು ಸಲಕ್ಕೆ 3 ಮಿಲಿಮೀಟರ್ ಮಾತ್ರ. ಮೂರರಲ್ಲೂ ಜಾಸ್ತಿ ಇದ್ದರೆ ಕಡ್ಡಿ ಮುಟ್ಟದೆ ಬುಡ ನೋಡಿ: ಬಣ್ಣ ಕೆರೆಯದೆ ಬೋಲ್ಟ್ ಹಾಕಿರುತ್ತಾರೆ, ಅರ್ತ್ ಸಿಕ್ಕಿರುವುದಿಲ್ಲ. 1.5ರ ಒಳಗೆ ಬಂದರೆ ಚೆನ್ನ. 3 ದಾಟಿದರೆ ಮೈಕಿನ ಬಟನ್ ಒತ್ತಬೇಡಿ. ಹತ್ತು ಮೀಟರ್ ಸೆಟ್‌ಗಳ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಆಪತ್ತು ಬರುವುದು ಹೀಗೇ.

ಮಳೆ ಬಂದ ದಿನ ಮಾತ್ರ ಎಸ್‌ಡಬ್ಲ್ಯೂಆರ್ ಏರಿ, ಬಿಸಿಲಿಗೆ ಇಳಿದರೆ ಕೇಬಲ್ ತುದಿಯ ಪಿಎಲ್ 259 ಪ್ಲಗ್ ಬಿಚ್ಚಿ ನೋಡಿ. ತಾಮ್ರದ ಜಾಲರಿ ಕಪ್ಪಾಗಿದ್ದರೆ ನೀರು ಕುಡಿದಿದೆ ಅಂತ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಪ್ಲಗ್ ಬೆಸುಗೆ ಹಾಕಿ, ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಕೇಬಲ್ ಒಳಬರುವ ಕಡೆ ಕೆಳಮುಖವಾಗಿ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ.

ಕರೆಂಟು ನೇರ ಬ್ಯಾಟರಿಯಿಂದಲೇ ಬರಲಿ. ಸಿಗರೇಟ್ ಲೈಟರ್ ಸಾಕೆಟ್ 4 ವಾಟ್ ಸಿಬಿಗೆ ಹೇಗೋ ನಡೆಯುತ್ತದೆ, ಅದು ಎಳೆಯುವುದು 2 ಆಂಪ್ ಒಳಗೆ. ದೊಡ್ಡ ಸೆಟ್ 10 ಆಂಪ್‌ವರೆಗೂ ಎಳೆದಾಗ ಸಾಕೆಟ್ ಬಿಸಿಯಾಗಿ ವೋಲ್ಟೇಜ್ ಕುಸಿಯುತ್ತದೆ, ಧ್ವನಿ ಒಡೆಯುತ್ತದೆ. 4 ಚದರ ಮಿಲಿಮೀಟರ್ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಮಾತಾಡುವಾಗ ಸೆಟ್ ಹಿಂದೆ ಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿಯಬಾರದು.

ಆಚೆ ಹಾಕಿಸಿದ ಅಗ್ಗದ ಎಲ್‌ಇಡಿ ಹೆಡ್‌ಲೈಟಿನ ಗುಂಯ್ ಸದ್ದಿಗೆ ಮೂರರಲ್ಲಿ ಯಾವುದರ ನಾಯ್ಸ್ ಬ್ಲ್ಯಾಂಕರೂ (ಗದ್ದಲ ತಡೆಯುವ ಸ್ವಿಚ್) ಸರಿಯಾದ ಮದ್ದಲ್ಲ. ಅದು ಹಳೆ ಪೆಟ್ರೋಲ್ ಜೀಪಿನ ಪ್ಲಗ್ ಸಿಡಿಯುವ ಸದ್ದಿಗಷ್ಟೇ. ಸೆಟ್ ಕೊಳ್ಳುವ ಮೊದಲು ರಾತ್ರಿ ಮಂಜು ದೀಪ, ವೈಪರ್ ಎಲ್ಲ ಹಚ್ಚಿ ಒಮ್ಮೆ ಕೇಳಿ ನೋಡಿ.